ಕ್ಯಾಮೆರಾಗೆ ಹೊಲಿದ ಟೋಪಿ

ಜೂನ್ 4

ಎದುರು ಮನೆಯ ಸ್ಟುಡಿಯೋ ಅಕ್ಕನಿಗೆ,

ನಾಲ್ಕು ಹೆಜ್ಜೆ ದಾಟಿ ಬಾಗಿಲು ಬಡಿಯುವುದು ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡಿ. ನಿನ್ನೆ ಎರಡು ಸಲ ಬಡಿದೆ. ಒಳಗೆ ಹಾಡುತ್ತಿದ್ದ ರೇಡಿಯೋ ನಾನು ಬಡಿದ ಕೂಡಲೇ ನಿಂತಿತು, ಬಾಗಿಲು ಮಾತ್ರ ತೆರೆಯಲಿಲ್ಲ. ಅದಕ್ಕೇ ಇದನ್ನು ಕೆಳಗಿನ ಸಂದಿಯಲ್ಲಿ ತಳ್ಳುತ್ತಿದ್ದೇನೆ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಳ್ಳಿ. ಇದು ಅಳತೆ ಪುಸ್ತಕದ ಹಾಳೆ. ಹಿಂದುಗಡೆ ಯಾರದೋ ಸೊಂಟದ ಅಳತೆ ಇದೆ, ದಯವಿಟ್ಟು ಓದಬೇಡಿ.

ನಿಮ್ಮ ಹತ್ತಿರವಿದ್ದ ನನ್ನ ಮನೆಯ ಕೀಲಿಕೈ ವಾಪಸು ಕೇಳಿದ್ದು ತಪ್ಪಾಯಿತು. ನಡೆದದ್ದು ನಿಮಗೆ ಗೊತ್ತೇ ಇದೆ, ಆದರೂ ಬರೆದರೆ ನನ್ನ ಎದೆ ಹಗುರಾಗುತ್ತದೆ. ಮೇ ತಿಂಗಳ ಕೊನೆಯ ಮಂಗಳವಾರ ಶಾಲೆಯ ಮೇಷ್ಟ್ರ ಹಸಿರು ಕೋಟು ಹೊಲಿದು ಮುಗಿಸಿ, ಲಾಂಡ್ರಿಯವನ ಹತ್ತಿರ ಕೊಂಡಿದ್ದ ಬಿಳಿ ಚೀಲಕ್ಕೆ ಹಾಕಿ, ಬಾಗಿಲ ಹಿಡಿಗೆ ತೂಗುಹಾಕಿ ದಾರ ತರಲು ಹೋದೆ. ಅವರೇ ಬಂದು ತೆಗೆದುಕೊಂಡು ಹೋಗುವ ಮಾತಾಗಿತ್ತು. ಅವರು ಬಂದಾಗ ಚೀಲವೇ ಇಲ್ಲ. ಬೀಗದ ತೂತಿನ ಸುತ್ತ ಹೊಸ ಗೀರುಗಳು ಬೇರೆ. ಯಾರೋ ಯಾವುದೋ ಕೀಲಿ ಹಾಕಿ ತಿರುಗಿಸಿ ನೋಡಿದ್ದಾರೆ. ಕೋಟು ಹೋದರೆ ಇನ್ನೊಂದು ಹೊಲಿಯಬಹುದು, ಹೊಲಿಯುತ್ತಲೂ ಇದ್ದೇನೆ. ಆ ಗೀರುಗಳನ್ನು ಏನು ಮಾಡಲಿ?

ನಮ್ಮಣ್ಣ ಬಂದು ನೋಡಿದವನೇ, “ಇನ್ನೊಂದು ಕೀ ಯಾರ ಹತ್ರ ಇದೆ?” ಅಂದ. “ಎದುರುಗಡೆ ಅಕ್ಕನ ಹತ್ರ” ಅಂದೆ. “ಮೊದ್ಲು ಇಸ್ಕೊಂಡು ಬಾ” ಅಂದ. ಹೆದರಿದವಳಿಗೆ ಯಾರು ಏನು ಹೇಳಿದರೂ ಸರಿ ಅನ್ನಿಸುತ್ತದೆ. ಅವನೇ ಕ್ಯಾಮೆರಾ ತಂದು ನನ್ನ ಬಾಗಿಲ ಮೇಲೆ ಬಡಿದು ಊರಿಗೆ ಹೋದ. ನೀವು ಕೀಲಿ ತಂದು ನನ್ನ ಕೈಗಿಟ್ಟಿರಿ. ಇಪ್ಪತ್ತೆರಡು ವರ್ಷ ನಿಮ್ಮ ಮನೆಯ ಮೊಳೆಗೆ ನೇತಾಡಿದ ಕೀಲಿ ಅದು.

ನಿಮ್ಮ ಮನೆಯ ಕೀಲಿ ನನ್ನ ಹತ್ತಿರವೇ ಇದೆ. ಅದನ್ನು ನೀವು ಕೇಳಲಿಲ್ಲ. ನನಗೆ ಅದೇ ಹೆಚ್ಚು ಹೆದರಿಕೆ.

ಇಂತಿ,
ಎದುರು ಮನೆಯ ಸೂಜಿ

(ನೀವೇ ಇಟ್ಟ ಹೆಸರು. ಸಿಟ್ಟಿನಲ್ಲಿ ಅದನ್ನೂ ವಾಪಸು ತೆಗೆದುಕೊಂಡಿಲ್ಲ ಎಂದುಕೊಂಡಿದ್ದೇನೆ.)


ಜೂನ್ 6

ಸೂಜಿಗೆ,

ಕಾಗದ ಸಿಕ್ಕಿತು. ಸೊಂಟದ ಅಳತೆಯನ್ನೂ ಓದಿದೆ. ನಲವತ್ತಾರು. ಯಾರೆಂದು ಊಹಿಸಿದೆ.

ನಿನ್ನ ಕ್ಯಾಮೆರಾ ಇರುವುದು ನಿನ್ನ ಬಾಗಿಲ ನೆತ್ತಿಯ ಮೇಲೆ. ಅಲ್ಲಿಂದ ಅದಕ್ಕೆ ನಿನ್ನ ಬಾಗಿಲು ಕಾಣುವುದೇ ಇಲ್ಲ. ಕಾಣುವುದು ನನ್ನ ಬಾಗಿಲು, ಪೂರ್ತಿಯಾಗಿ. ಚೀಲ ಹೋದದ್ದು ನಿನ್ನ ಹಿಡಿಯಿಂದ, ಕಾವಲು ನನ್ನ ಹೊಸಿಲಿಗೆ!

ನಲವತ್ತು ವರ್ಷ ಸ್ಟುಡಿಯೋ ನಡೆಸಿದ್ದೇನೆ. ಕೇಳದೆ ಯಾರ ಫೋಟೋವನ್ನೂ ತೆಗೆದವಳಲ್ಲ. ಅದನ್ನು ತಿರುಗಿಸು. ಅಲ್ಲಿಯವರೆಗೆ ನನ್ನ ಬಾಗಿಲು ಬಡಿಯಬೇಡ.

— ಎದುರು ಮನೆ


ಜೂನ್ 9

ಅಕ್ಕಾ,

ತೆಗೆದುಬಿಟ್ಟೆ. ಸ್ಟೂಲು ಹತ್ತಿ ನಾನೇ ತಿರುಪು ಬಿಚ್ಚಿದೆ. ಮೆಟ್ಟಿಲ ಕಡೆಯ ಗೋಡೆಗೆ, ಸೂರಿಗೆ ತಾಗುವ ಹಾಗೆ ಹಾಕಿ, ಮುಖವನ್ನು ಆ ತುದಿಯ ಕಿಟಕಿಯ ಕಡೆಗೆ ತಿರುಗಿಸಿದೆ. ಈಗ ನಿಮ್ಮ ಬಾಗಿಲು ಬರೀ ಒಂದು ಗೀಟಿನಷ್ಟು ಕಾಣುತ್ತದೆ.

ಆದರೆ ಹೊಸ ಕಷ್ಟ ಶುರುವಾಯಿತು. ಫೋನಿನಲ್ಲಿ ನೋಡಿದರೆ ಎಲ್ಲರೂ ಮಸಿ ಬಳಿದ ಹಾಗೆ. ಹಾಲಿನವನು ಬಂದರೂ ಒಂದು ಕಪ್ಪು ಆಕಾರ, ಪೇಪರಿನವನು ಬಂದರೂ ಅದೇ ಆಕಾರ. ನಿನ್ನೆ ಒಂದು ಕಪ್ಪು ಆಕಾರ ನನ್ನ ಬಾಗಿಲ ಮುಂದೆ ಬಗ್ಗಿ ಏನೋ ಮಾಡುತ್ತಿತ್ತು. ಮಾರುಕಟ್ಟೆಯ ನಡುವೆ ನಿಂತು ನೋಡಿ, ಕೊಂಡ ತರಕಾರಿ ಅಲ್ಲೇ ಬಿಟ್ಟು ಮನೆ ಕಡೆ ಓಡಲು ಹೊರಟೆ. ಆಮೇಲೆ ಸಮಯ ನೋಡಿದೆ. ಅದು ನಾನೇ. ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಮೂರನೇ ಸಲ ಜಗ್ಗಿ ನೋಡುತ್ತಿದ್ದೆ.

ನನಗೆ ನಾನೇ ಕಳ್ಳಿಯ ಹಾಗೆ ಕಂಡೆ ಅಕ್ಕಾ. ಯಂತ್ರ ಕೆಟ್ಟಿದೆಯೋ ನನ್ನ ತಲೆ ಕೆಟ್ಟಿದೆಯೋ ಗೊತ್ತಾಗುತ್ತಿಲ್ಲ. ಅಣ್ಣನಿಗೆ ಫೋನು ಮಾಡಿದರೆ, “ಅಲ್ಲಾಡಿಸ್ಬೇಡ ಅಂದಿದ್ನಲ್ಲ!” ಅನ್ನುತ್ತಾನೆ.

ನಿಮ್ಮನ್ನು ಕೇಳುತ್ತಿಲ್ಲ, ಸುಮ್ಮನೆ ಹೇಳಿದೆ.

ನಿಮ್ಮ
ಸೂಜಿ


ಜೂನ್ 11

ಸೂಜಿಗೆ,

ಇದು ರಾಜಿಯ ಕಾಗದವಲ್ಲ. ಕೆಟ್ಟ ಕೆಲಸ ಕಂಡರೆ ನನಗೆ ಸಹಿಸಲು ಆಗುವುದಿಲ್ಲ, ಅಷ್ಟಕ್ಕೇ ಬರೆಯುತ್ತಿದ್ದೇನೆ.

ಯಂತ್ರ ಕೆಟ್ಟಿಲ್ಲ. ನೀನು ಬೆಳಕಿಗೆ ಎದುರಾಗಿ ಇಟ್ಟಿದ್ದೀಯ. ಕಿಟಕಿಯ ಬೆಳಕು ಕ್ಯಾಮೆರಾದ ಕಣ್ಣಿಗೆ ನೇರ ಹೊಡೆದರೆ ನಡುವೆ ನಿಂತವರ ಮುಖ ಕಪ್ಪಾಗದೆ ಇನ್ನೇನಾಗುತ್ತದೆ? ನನ್ನ ಸ್ಟುಡಿಯೋಗೆ ಬಂದವರನ್ನು ನಾನು ಎಂದಾದರೂ ಕಿಟಕಿಗೆ ಬೆನ್ನು ಹಾಕಿ ಕೂರಿಸಿದ್ದು ನೋಡಿದ್ದೀಯಾ?

ಆ ತುದಿಗೆ ಹೋಗು. ಕಿಟಕಿಯ ಪಕ್ಕದ ಗೋಡೆಗೆ ಹಾಕಿ ಮೆಟ್ಟಿಲ ಕಡೆಗೆ ತಿರುಗಿಸು. ಆಗ ಬೆಳಕು ಕ್ಯಾಮೆರಾದ ಬೆನ್ನಿಗೆ, ಹತ್ತಿ ಬಂದವರ ಮುಖದ ಮೇಲೆ. ಸೂರಿಗೆ ಅಂಟಿಸಬೇಡ. ಮೇಲಿನಿಂದ ನೆತ್ತಿ ನೋಡುವುದು ಕ್ಷೌರದವರ ಕೆಲಸ. ನಿನ್ನ ತಲೆಗಿಂತ ಎರಡು ಗೇಣು ಎತ್ತರ ಸಾಕು, ಸ್ವಲ್ಪ ತಲೆ ಬಗ್ಗಿಸಿ ಇಡು. ನಿನ್ನ ಬಾಗಿಲ ಹಿಡಿ ಚಿತ್ರದ ನಡುವೆ ಬರಲಿ. ನನ್ನ ಬಾಗಿಲು ಬರಲೇಬಾರದು.

ಮೂರು ಸಲ ಬೀಗ ಜಗ್ಗುವುದು ಬಿಡು. ಬೀಗಕ್ಕೂ ಆಯಸ್ಸು ಇರುತ್ತದೆ.

— ಎದುರು ಮನೆ


ಜೂನ್ 20

ಅಕ್ಕಾ,

ಕಾಗದವನ್ನು ಎರಡು ಸಲ ಓದಿದೆ. ಬೈದಿದ್ದೀರಿ, ಆದರೂ ಮನೆಗೆ ಯಾರೋ ಬಂದು ಹೋದ ಹಾಗಾಯಿತು.

ಹೇಳಿದ ಹಾಗೇ ಮಾಡಿದೆ. ವೈರು ಸಾಲದೆ ಇನ್ನೊಂದು ತಂದು ಸೇರಿಸಿದೆ. ಚಿತ್ರ ನಿಂತು ನಿಂತು ಬರುತ್ತಿತ್ತು, ಒಳಗಿದ್ದ ವೈಫೈ ಡಬ್ಬಿಯನ್ನು ಬಾಗಿಲ ಪಕ್ಕಕ್ಕೆ ತಂದಿಟ್ಟ ಮೇಲೆ ಅದೂ ಸರಿಯಾಯಿತು. ಈಗ ಹಾಲಿನವನ ಮುಖದ ಮೇಲಿನ ಮಚ್ಚೆ ಕೂಡ ಕಾಣುತ್ತದೆ! ನೀವು ಮೆಟ್ಟಿಲು ಹತ್ತಿ ಬರುವುದು ಕಾಣುತ್ತದೆ, ಎಡಕ್ಕೆ ನಿಮ್ಮ ಬಾಗಿಲ ಕಡೆ ತಿರುಗಿದ ಮೇಲೆ ಕಾಣುವುದಿಲ್ಲ. ಬಲಗಡೆಯ ನನ್ನ ಬಾಗಿಲು ಮಾತ್ರ, ಹಿಡಿ ಸಮೇತ, ಚಿತ್ರದ ನಟ್ಟನಡುವೆ.

ಕಿಟಕಿಯ ಪಕ್ಕವಾದ್ದರಿಂದ ಧೂಳೂ ಮಳೆಹನಿಯೂ ಬೀಳುತ್ತವಲ್ಲ, ಅದಕ್ಕೂ ನಾನೇ ಒಂದು ವ್ಯವಸ್ಥೆ ಮಾಡಿದ್ದೇನೆ. ದಿನಾ ಅದರ ಕೆಳಗೇ ಓಡಾಡುತ್ತೀರಿ, ನೋಡಿಯೇ ಇರುತ್ತೀರಿ. ಸರಿ ಇಲ್ಲದಿದ್ದರೆ ಹೇಳಿ.

ಒಂದೇ ತೊಂದರೆ. ಯಾರೂ ಇಲ್ಲದಾಗಲೂ ‘ಯಾರೋ ಬಂದಿದ್ದಾರೆ’ ಎಂದು ಫೋನು ಬಡಿದುಕೊಳ್ಳುತ್ತದೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ನಲವತ್ತು ಸಲ. ನಲವತ್ತು ಸಲವೂ ಹೊಲಿಗೆ ನಿಲ್ಲಿಸಿ ನೋಡುತ್ತೇನೆ. ಖಾಲಿ ಜಾಗ. ಚಿತ್ರದ ಮೇಲಿನ ಅಂಚಿನಲ್ಲಿ ಏನೋ ಕೆಂಪಗೆ ಬಂದು ಬಂದು ಹೋಗುತ್ತದೆ. ಬೆಂಕಿಯೋ ಎಂದು ಎರಡು ಸಲ ಹೊರಗೆ ಓಡಿ ಬಂದೆ. ನಿನ್ನೆ ಇದೇ ಗಾಬರಿಯಲ್ಲಿ ಒಂದು ಅಂಗಿಗೆ ಎರಡೂ ಎಡತೋಳು ಹಚ್ಚಿಬಿಟ್ಟೆ.

ನಿಮ್ಮ
ಸೂಜಿ


ಜೂನ್ 24

ಸೂಜಿಗೆ,

ಎರಡು ಎಡತೋಳಿನ ಅಂಗಿಯನ್ನು ಬಿಚ್ಚಬೇಡ. ಯಾರಾದರೂ ಸಿಗುತ್ತಾರೆ.

ನಲವತ್ತು ಸಲ ಬಡಿದುಕೊಂಡರೆ ಮೊದಲು ಜೇಡ ನೋಡು. ಕಣ್ಣಿನ ಮುಂದೆಯೇ ಬಲೆ ಕಟ್ಟಿದರೆ ಗಾಳಿಗೆ ಅದು ಆನೆಯಷ್ಟು ದೊಡ್ಡದಾಗಿ ಕಾಣುತ್ತದೆ. ಗಾಜನ್ನು ಹಳೆಯ ಮೆತ್ತನೆ ಹತ್ತಿಬಟ್ಟೆಯಿಂದ ಒರೆಸು, ನೀರು ಮುಟ್ಟಿಸಬೇಡ. ಮಧ್ಯಾಹ್ನದ ಬಿಸಿಲು ಎಲ್ಲಿಗೆ ಬೀಳುತ್ತದೆ ನೋಡು, ನೆರಳು ಅಲ್ಲಾಡಿದರೂ ಅದಕ್ಕೆ ಮನುಷ್ಯನೇ. ಅಲುಗಾಟಕ್ಕೆ ಎಷ್ಟು ಬೇಗ ಕೂಗಬೇಕು ಎಂದು ಫೋನಿನಲ್ಲಿ ಒಂದು ಅಳತೆ ಇರಬೇಕು, ಅದನ್ನು ಇಳಿಸು. ನಿನ್ನದನ್ನೂ ಇಳಿಸಲು ಬರುತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ಧೂಳಿನ ವ್ಯವಸ್ಥೆ ನೋಡಿದೆ. ಚೆನ್ನಾಗಿದೆ.

— ಎದುರು ಮನೆ


ಜುಲೈ 8

ಅಕ್ಕಾ,

ಇದನ್ನು ನಾಲ್ಕು ದಿನದಿಂದ ಬರೆದು ಹರಿದು ಮಾಡುತ್ತಿದ್ದೇನೆ.

ಜೇಡ ಇರಲಿಲ್ಲ. ಗಾಜು ಒರೆಸಿದೆ, ಅಳತೆ ಇಳಿಸಿದೆ. ಆದರೂ ಬಡಿದುಕೊಳ್ಳುತ್ತಿತ್ತು. ಕೊನೆಗೆ ಕ್ಯಾಮೆರಾವನ್ನೇ ಎದುರಿನಿಂದ ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅವನು ಫೋನು ಮಾಡಿ ಮಾತಾಡಲಾಗದಷ್ಟು ನಕ್ಕ. “ಟೋಪಿ ತೆಗಿಯೇ ಹುಚ್ಚಿ! ಕ್ಯಾಮೆರಾಗೆ ಯಾರಾದ್ರೂ ಫ್ರಿಲ್ ಇಟ್ಟು ಟೋಪಿ ಹೊಲೀತಾರಾ?”

ನಾನು ಹೊಲಿದಿದ್ದೆ. ಉಳಿದ ಕೆಂಪು ಹೂವಿನ ಬಟ್ಟೆಯಲ್ಲಿ, ಮಗುವಿನ ಟೋಪಿಯಷ್ಟು, ಸುತ್ತ ಫ್ರಿಲ್ ಇಟ್ಟು, ಗದ್ದಕ್ಕೆ ಲಾಡಿ ಕಟ್ಟಿ. ಗಾಳಿ ಬಂದಾಗ ಆ ಫ್ರಿಲ್ ಕಣ್ಣಿನ ಮುಂದೆ ಅಲ್ಲಾಡುತ್ತಿತ್ತು. ನಲವತ್ತು ಸಲ ಬಂದ ಕಳ್ಳ ನನ್ನ ಹೊಲಿಗೆಯೇ.

ನಾನೂ ನಕ್ಕೆ. ಆಮೇಲೆ ನಿಮ್ಮ ಕಾಗದ ನೆನಪಾಗಿ ನಗು ನಿಂತಿತು.

ಅಕ್ಕಾ, ಒಂದು ಸಲ ಮೆಟ್ಟಿಲ ಕೆಳಗೆ ನಿಂತು, ಮೇಲಿದ್ದ ನನ್ನ ಕೈಯಲ್ಲಿನ ಕೋಟು ನೋಡಿ, “ಮೂರ್ನೇ ಗುಂಡಿ ಒಂದು ನೂಲಷ್ಟು ಆ ಕಡೆ ಹೋಗಿದೆ” ಅಂದವರು ನೀವು. ಅಳೆದು ನೋಡಿದರೆ ಹೋಗಿತ್ತು. ಅಂಥವರು ಎರಡು ವಾರ ಆ ಟೋಪಿಯ ಕೆಳಗೆ ಓಡಾಡಿದಿರಿ. ಕಂಡಿದ್ದರೆ ನೀವು ನನ್ನನ್ನು ಸುಮ್ಮನೆ ಬಿಡುತ್ತಿದ್ದಿರೇ? ಒಂದು ವರ್ಷಕ್ಕಾಗುವಷ್ಟು ಆಡಿಕೊಳ್ಳುತ್ತಿದ್ದಿರಿ. ‘ನೋಡಿದೆ, ಚೆನ್ನಾಗಿದೆ’ ಎಂದು ಬರೆದಿರಿ.

ಆಮೇಲೆ ನಾನು ಮಾಡಬಾರದ ಕೆಲಸ ಮಾಡಿದೆ. ಹಿಂದಿನ ದಿನಗಳ ಚಿತ್ರ ಹಾಕಿ ನಿಮ್ಮನ್ನು ನೋಡಿದೆ. ಮೆಟ್ಟಿಲ ಮೇಲ್ತುದಿಗೆ ಬಂದು ನಿಲ್ಲುತ್ತೀರಿ. ಗೋಡೆಯ ಮೇಲೆ ಅಂಗೈ ಇಟ್ಟು, ತುಟಿ ಅಲ್ಲಾಡಿಸಿ ಏನೋ ಎಣಿಸುತ್ತೀರಿ. ಆಮೇಲೆ ತಿರುಗುತ್ತೀರಿ. ನಿಮ್ಮ ಕಾಗದಗಳನ್ನು ಸಾಲಾಗಿ ಇಟ್ಟು ನೋಡಿದೆ. ಜೂನ್ 6ರಲ್ಲಿ ಹಾಳೆಗೆ ಹದಿನಾರು ಸಾಲು ಇದ್ದವು, 24ರಲ್ಲಿ ಒಂಬತ್ತು, ಅಕ್ಷರ ಅಷ್ಟು ದೊಡ್ಡದಾಗಿದೆ.

ಚಿತ್ರಗಳನ್ನೆಲ್ಲ ಅಳಿಸಿದ್ದೇನೆ. ಅಣ್ಣನ ಫೋನಿಗೆ ಹೋಗದ ಹಾಗೂ ಮಾಡಿಸಿದ್ದೇನೆ. ನಾನು ಏನನ್ನೂ ಕೇಳುವುದಿಲ್ಲ.

ಸೂಜಿ


ಜುಲೈ 15

ಅಕ್ಕಾ,

ಕಾಗದ ಸಿಕ್ಕಿತು ತಾನೇ? ಕೇಳಬಾರದಿತ್ತೋ ಏನೋ. ಕೇಳುವುದಿಲ್ಲ ಎಂದು ಕೇಳಿದ್ದೇ ತಪ್ಪಾಯಿತೇನೋ. ರೇಡಿಯೋ ಕೇಳಿಸುತ್ತಿದೆ, ಅಷ್ಟೇ ಸಮಾಧಾನ. ಬೆಳಗ್ಗೆ ಹತ್ತಾದರೂ ಹಾಕದಿದ್ದರೆ ನಾನು ಬಾಗಿಲು ಬಡಿಯುವವಳೇ, ಎಷ್ಟಾದರೂ ಬೈಯಿರಿ.

ಸೂಜಿ


ಜುಲೈ 21

ಸೂಜಿಗೆ,

ನಿನ್ನ ಬಾಗಿಲ ಹಿಡಿಯಲ್ಲಿ ಬಿಳಿ ಚೀಲ ಇದೆ, ತೆಗೆದುಕೋ. ಒಳಗೆ ಮೇಷ್ಟ್ರ ಕೋಟು ಇದೆ. ನಿನ್ನ ಕಳ್ಳಿ ನಾನೇ.

ಅವತ್ತು ಮೆಟ್ಟಿಲು ಹತ್ತಿ ಬಂದವಳು ಎಡಕ್ಕೆ ತಿರುಗುವ ಬದಲು ಬಲಕ್ಕೆ ತಿರುಗಿದೆ. ಹಿಡಿಯಲ್ಲಿ ಚೀಲ ಸಿಕ್ಕಿತು. ಲಾಂಡ್ರಿಯವನು ನನ್ನ ಬಟ್ಟೆಯನ್ನೂ ಅಂಥದ್ದೇ ಚೀಲದಲ್ಲಿ ತೂಗುಹಾಕಿ ಹೋಗುತ್ತಾನೆ. ಕೈಗೆ ತೆಗೆದುಕೊಂಡು ನನ್ನ ಕೀಲಿ ಹಾಕಿ ತಿರುಗಿಸಿದೆ, ತಿರುಗಿಸಿದೆ, ಬೀಗ ತೆರೆಯಲಿಲ್ಲ. ಗೀರುಗಳು ನನ್ನವು. ಬಾಗಿಲು ತಪ್ಪಿದೆ ಎಂದು ಗೊತ್ತಾದಾಗ ನಾಚಿಕೆಯಲ್ಲಿ ಈ ಕಡೆ ಬಂದುಬಿಟ್ಟೆ. ಚೀಲ ಕೈಯಲ್ಲೇ ಇತ್ತು, ನನ್ನದೆಂದೇ ಕಪಾಟಿಗೆ ಹಾಕಿದೆ. ವಾರದ ಮೇಲೆ ಕೈ ಹಾಕಿದಾಗ ಕೋಟಿನ ಗುಂಡಿಗಳು ಸಿಕ್ಕವು. ಅಷ್ಟರಲ್ಲಿ ನೀನು ಕೀಲಿ ಕೇಳಿ ಆಗಿತ್ತು, ಕ್ಯಾಮೆರಾ ಬಂದಿತ್ತು.

ಅವತ್ತೇ ಕೊಡಬಹುದಿತ್ತು. ಹೇಗೆ ಬಂತು ಎಂದು ನೀನು ಕೇಳುತ್ತಿದ್ದೆ. ಕಣ್ಣಿನ ನಡುವೆ ಒಂದು ಮಂಜಿನ ಮುದ್ದೆ ಕೂತಿದೆ, ಪಕ್ಕಗಳಷ್ಟೇ ಉಳಿದಿವೆ ಎಂದು ಹೇಳಬೇಕಾಗುತ್ತಿತ್ತು. ನಿನಗೆ ಗೊತ್ತಾದರೆ ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ, ನಿನ್ನ ಹೆದರಿಕೆಗೆ ಬಾಯಿ ದೊಡ್ಡದು. ಆಮೇಲೆ ನನ್ನ ತಮ್ಮನಿಗೆ. ಅವನು ಈ ಮನೆ ಖಾಲಿ ಮಾಡಿಸಿ ಕರೆದುಕೊಂಡು ಹೋಗುತ್ತಾನೆ. ಒಳ್ಳೆಯವನೇ, ಕೋಣೆಯೂ ಕೊಡುತ್ತಾನೆ. ಆದರೆ ಅಲ್ಲಿ ನನಗೆ ಯಾವ ಗೋಡೆಯ ಪರಿಚಯವೂ ಇಲ್ಲ. ಇಲ್ಲಿ ಮೆಟ್ಟಿಲು ಹತ್ತೊಂಬತ್ತು. ಮೇಲೆ ಬಂದು ಗೋಡೆಯ ಮೇಲೆ ಏಳು ಗೇಣು ಅಳೆದರೆ ನನ್ನ ಬಾಗಿಲು.

ಎರಡು ತಿಂಗಳು ನಿನ್ನನ್ನು ಹೆದರಿಸಿ ಇಟ್ಟೆ. ಅದು ದೊಡ್ಡ ತಪ್ಪು. ನಿನ್ನ ಅಣ್ಣನಿಗೆ ಹೇಳುವುದಿದ್ದರೆ ಹೇಳು, ನನ್ನ ತಮ್ಮನಿಗೂ ಹೇಳು. ನಿನಗೆ ಹಕ್ಕಿದೆ.

ಇದನ್ನು ಬರೆಯಲು ಐದು ಹಾಳೆ ಹಿಡಿಯಿತು. ಭೂತಗನ್ನಡಿ ಹಿಡಿದ ಕೈ ಸೋತಿದೆ.

— ಸ್ಟುಡಿಯೋ ಅಕ್ಕ


ಜುಲೈ 23

ಅಕ್ಕಾ,

ಇದು ಕಪ್ಪು ಬಟ್ಟೆ. ಅಳತೆ ಗೀಚುವ ಬಿಳಿ ಸೀಮೆಸುಣ್ಣದಲ್ಲಿ ಕುಂಬಳಕಾಯಿಯಷ್ಟು ದೊಡ್ಡ ಅಕ್ಷರ ಬರೆದಿದ್ದೇನೆ. ಕಿಟಕಿಗೆ ಬೆನ್ನು ಕೊಟ್ಟು ಕುಳಿತು ಓದಿ, ಬೆಳಕು ಬಟ್ಟೆಯ ಮೇಲೆ ಬೀಳಲಿ. ನಿಮ್ಮಿಂದಲೇ ಕಲಿತದ್ದು. ಓದಿದ ಮೇಲೆ ಒದರಿಬಿಡಿ, ಯಾರಿಗೂ ಸಿಗುವುದಿಲ್ಲ. ಎರಡು ಮೀಟರಿನಲ್ಲಿ ಮುಗಿಸಬೇಕೆಂದು ಕುಳಿತೆ, ಐದು ಮೀಟರಿಗೆ ಬಂದಿದ್ದೇನೆ.

ಮೊದಲು ಒಂದೇ ಸಾಲು ಕೋಪ. ನಾನು ಎರಡು ತಿಂಗಳು ಹಾಲಿನವನನ್ನೂ ಪೇಪರಿನವನನ್ನೂ ಕಳ್ಳರ ಹಾಗೆ ನೋಡಿದೆ, ನೀವು ಗೋಡೆಯ ಆಚೆ ಕುಳಿತು ಸುಮ್ಮನಿದ್ದಿರಿ, ನನಗೆ ತುಂಬಾ ನೋವಾಯಿತು. ಆಯಿತು, ಮುಗಿಯಿತು.

ಅಣ್ಣ ಫೋನಿನಲ್ಲಿ, “ಕಳ್ಳ ಸಿಕ್ಕಿದ್ನಾ?” ಅಂದ. “ಚೀಲ ಸಿಕ್ತು” ಅಂದೆ. “ಎಲ್ಲಿ?” ಅಂದ. “ಇಲ್ಲೇ ಇತ್ತು, ನಂಗೇ ಕಂಡಿರ್ಲಿಲ್ಲ” ಅಂದೆ. “ನಿನ್ ಕಣ್ಣು ತೋರಿಸ್ಕೊಳೇ” ಅಂದ. ಹಾಗಾಗಿ ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಒಬ್ಬಳೇ ಹೋಗಲು ನನಗೆ ಹೆದರಿಕೆ. ನೀವು ಜೊತೆಗೆ ಬಂದರೆ ಇಬ್ಬರದ್ದೂ ನೋಡಿಬಿಡುತ್ತಾರೆ. ಅವರು ಏನು ಹೇಳುತ್ತಾರೋ ಅದನ್ನು ತಮ್ಮನಿಗೆ ನೀವೇ ಹೇಳಿ, ಹೇಳಬೇಕು ಅನ್ನಿಸಿದಾಗ. ನನ್ನ ಬಾಯಿ ದೊಡ್ಡದು, ನಿಜ. ಈ ಒಂದಕ್ಕೆ ಹೊಲಿಗೆ ಹಾಕಿದ್ದೇನೆ.

ಜೊತೆಗೆ ಎರಡು ಕೀಲಿ ಇವೆ, ಒಂದೊಂದಕ್ಕೂ ಬಟ್ಟೆಯ ಪಟ್ಟಿ ಕಟ್ಟಿದ್ದೇನೆ. ಪಟ್ಟಿಗೆ ಒಂದು ಕೋಟಿನ ಗುಂಡಿ ಇದ್ದದ್ದು ನನ್ನ ಮನೆಯದು, ನಿಮ್ಮ ಮೊಳೆಗೆ ವಾಪಸು ಹಾಕಿಕೊಳ್ಳಿ. ಎರಡು ಗುಂಡಿ ಇದ್ದದ್ದು ನಿಮ್ಮದೇ, ದಿನಾ ಬಳಸಲು. ನನ್ನ ಹತ್ತಿರವಿದ್ದ ನಿಮ್ಮ ಹಳೆಯ ಕೀಲಿ ನನ್ನಲ್ಲೇ ಇರಲಿ, ಅದನ್ನು ತೋರಿಸಿ ಇದನ್ನು ಮಾಡಿಸಿದೆ. ಬೆಳಗ್ಗೆ ನಿಮ್ಮ ಬಾಗಿಲ ಹಿಡಿಗೆ ದಪ್ಪ ದಾರ ಹೆಣೆದು ಸುತ್ತಿದ್ದೇನೆ, ಒರಟಾಗಿ ಕೈಗೆ ಸಿಗುತ್ತದೆ. ನನ್ನದು ಬೋಳಾಗಿಯೇ ಇದೆ. ಬೋಳು ಸಿಕ್ಕರೂ ಚಿಂತೆಯಿಲ್ಲ. ಬಡಿಯಿರಿ, ತೆರೆಯುತ್ತೇನೆ.

ಇನ್ನು ಕ್ಯಾಮೆರಾ. ಕಳ್ಳ ಇಲ್ಲ ಎಂದ ಮೇಲೆ ಅದನ್ನು ಬಿಚ್ಚಿ ಅಣ್ಣನಿಗೆ ಕಳಿಸೋಣ ಎಂದುಕೊಂಡೆ. ಆಮೇಲೆ ಹತ್ತೊಂಬತ್ತು ಮೆಟ್ಟಿಲು ನೆನಪಾಯಿತು. ಹದಿನೆಂಟು ಎಂದು ಎಣಿಸಿದ ದಿನ ಏನಾಗುತ್ತದೆ ಎಂದು ಯೋಚಿಸಿ ಊಟ ಸೇರಲಿಲ್ಲ. ಕೇಳದೆ ಯಾರ ಫೋಟೋವನ್ನೂ ತೆಗೆದವಳಲ್ಲ ಎಂದು ಬರೆದಿದ್ದಿರಿ. ಅದಕ್ಕೇ ಕೇಳುತ್ತಿದ್ದೇನೆ. ಇರಲೋ, ಬೇಡವೋ? ಇದ್ದರೆ ಎತ್ತ ನೋಡಬೇಕು?

ನಿಮ್ಮ
ಸೂಜಿ


ಆಗಸ್ಟ್ 2

ಸೂಜಿಗೆ,

ಬಟ್ಟೆ ಓದಿದೆ. ಒದರಿದಾಗ ಕೋಣೆಯೆಲ್ಲ ಬಿಳಿ. ಒರೆಸುವ ಕೆಲಸ ನಿನ್ನದು.

ಡಾಕ್ಟರು ಹೇಳಿದ್ದನ್ನು ನಿನ್ನೆ ತಮ್ಮನಿಗೆ ನಾನೇ ಹೇಳಿದೆ. ಇದ್ದಷ್ಟು ಉಳಿಸಬಹುದು, ಹೋದದ್ದು ಬರುವುದಿಲ್ಲ ಎಂದೆ. ಅವನು, “ಅಲ್ಲಿ ನಿನ್ನ ನೋಡ್ಕೊಳ್ಳೋರು ಯಾರಕ್ಕಾ?” ಅಂದ. “ಎದುರುಗಡೆ ಒಬ್ಬಳಿದ್ದಾಳೆ, ನೋಡ್ಬೇಡ ಅಂದ್ರೂ ನೋಡ್ತಾಳೆ” ಅಂದೆ. ಮುಂದಿನ ತಿಂಗಳು ಬಂದು ನಿನ್ನನ್ನು ನೋಡುತ್ತಾನಂತೆ. ಹೆದರಿ ಅಂಗಿಗೆ ಮೂರು ತೋಳು ಹಚ್ಚಬೇಡ.

ಕ್ಯಾಮೆರಾ ಇರಲಿ. ಇನ್ನೂ ಸ್ವಲ್ಪ ತಲೆ ಬಗ್ಗಿಸು, ಮೆಟ್ಟಿಲ ಮೇಲಿನ ಐದಾರು ಹಂತ ಕಾಣುವಷ್ಟು. ಹತ್ತುವಾಗ ನೋಡು, ಇಳಿಯುವಾಗ ನೋಡು. ಗೋಡೆ ಹಿಡಿದು ಎಣಿಸುವಾಗ ನೋಡಬೇಡ, ಲೆಕ್ಕ ತಪ್ಪುತ್ತದೆ.

ಟೋಪಿಯನ್ನು ಕಿಟಕಿಯ ಮೂಲೆಗೆ ಸಿಕ್ಕಿಸಿ ಇಟ್ಟಿದ್ದೆಯಲ್ಲ, ಇವತ್ತು ಕೈಗೆ ಸಿಕ್ಕಿತು. ಫ್ರಿಲ್ ಎರಡು ಬೆರಳು ಕತ್ತರಿಸಿ ವಾಪಸು ಹಾಕು, ಹನಿ ಬೀಳುತ್ತಿದೆ. ಮೂಗಿನ ಹತ್ತಿರ ತಂದು, ಬೆಳಕಿಗೆ ಓರೆಯಾಗಿ ಹಿಡಿದೆ. ಕೆಂಪು ಹೂವು, ನಡುವೆ ಹಳದಿ ಚುಕ್ಕೆ. ಲಾಡಿ ಒಂದು ಕಡೆ ಗಿಡ್ಡವಾಗಿದೆ.

ಚೆನ್ನಾಗಿದೆ. ಈ ಸಲ ನೋಡಿಯೇ ಹೇಳುತ್ತಿದ್ದೇನೆ.

ನಿನ್ನ
ಸ್ಟುಡಿಯೋ ಅಕ್ಕ